ಕೈಗೆಟುಕುವಷ್ಟು

ಬ್ರೆಮರ್‌ಹಾಫೆನ್, ಹಡಗು ಕಂಪನಿಯ ಕಚೇರಿ, ಬೆಳಗಿನ ನಾಲ್ಕೂವರೆ.
ಗಾಜಿನಾಚೆ ಬಂದರು ಇನ್ನೂ ಕತ್ತಲು.
ನೆಲ, ಮೇಜು, ಕಕ್ಕಸು: ಕೂಲಿಗುಂಪು ಒಂದು.
ಗಾಜು: ಕೂಲಿಗುಂಪು ಆರು.
ಆದರೆ ಬೆರಳಚ್ಚು ಒರೆಸಿದರೆ ಅದು ಗಾಜಲ್ಲವಂತೆ,
ಕೈಗೆಟುಕುವಷ್ಟು ಎತ್ತರದವರೆಗೆ
ಅದೂ ಒಂದೇ.

ಯಾರ ಕೈಗೆ?
ಕೇಳಿದವಳು ಝ್ಲಾತ್ಕಾ, ಪ್ಲೆವೆನ್ ಕಡೆಯವಳು,
ಬೂಟು ಸೇರಿಸಿದರೂ ಐದಡಿ ಇಲ್ಲ.
ಮೇಲ್ವಿಚಾರಕ ಹೋಲ್ಗರ್ ತೋಳೆತ್ತಿ ತೋರಿಸಿದ:
ಆರಡಿ ಆಳು, ಅದರ ಮೇಲೊಂದು ತೋಳು.

ಅವಳು ವಾದಕ್ಕಿಳಿಯಲಿಲ್ಲ.
ಗಾಜಿಗೆ ಎದೆಯಾನಿಸಿ, ಕೈ ಚಾಚಿ,
ಬೆರಳ ತುದಿ ನಿಂತಲ್ಲಿ ಬಟ್ಟೆಯನ್ನೂ ನಿಲ್ಲಿಸಿದಳು.
ಮೂರು ವಾರ.

ಮಾರ್ಚಿನಲ್ಲಿ ಬಿಸಿಲು ಬಂತು.
ಇಪ್ಪತ್ತೆರಡು ಕಿಟಕಿಗಳ ಉದ್ದಕ್ಕೂ ಒಂದೇ ಗೆರೆ:
ಕೆಳಗೆ ಥಳಥಳ ನೀರು, ಕ್ರೇನುಗಳ ಕಾಲು;
ಮೇಲೆ ಮಾಸಿದ ಆಕಾಶ.
ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರಂತೆ,
ಎರಡು ಸಲ.

ಆರನೆಯ ಗುಂಪು ಬರಲಿಲ್ಲ.
ಏಣಿ ಬಂತು, ಅಲ್ಯೂಮಿನಿಯಮ್ಮಿನದು, ಮೂರು ಮೆಟ್ಟಿಲು.
ಏಣಿ ಹತ್ತಿದ ಕೈ ಯಾವ ಗುಂಪಿನದು ಎಂದು
ಸಂಘಕ್ಕೆ ಬರೆದು ಕೇಳಿದ್ದೇವೆ,
ನಾನೂ ಸಹಿ ಹಾಕಿದ್ದೇನೆ.
ಉತ್ತರ ಬರುವತನಕ
ಝ್ಲಾತ್ಕಾ ಅದಕ್ಕೆ
ಕೋಟು ತಗುಲಿಹಾಕುತ್ತಾಳೆ.