ಸನ್ನೆ

ಕ್ರಿಕೆಟಿನವರು ಮೈದಾನ ಬಿಡುವುದು ಐದೂಕಾಲಕ್ಕೆ.
ಅಲ್ಲಿಯವರೆಗೆ ನಾವು ಪಾಗಾರದ ಮೇಲೆ.
ಬೊನಿಫಾಸ್ ಮಾಸ್ಟ್ರು ಕೊರಳಿಂದ ಸೀಟಿ ತೆಗೆದು
ಕೊಡುತ್ತಾರೆಂದುಕೊಂಡೆ; ಕೊಟ್ಟದ್ದು ಸುಣ್ಣದ ಬಾಲ್ದಿ.
"ಗೆರೆ ಹಾಕು ಮಾರಾಯ. ತೊಂಬತ್ತಡಿ.
ನಿನ್ನ ಹೆಜ್ಜೆ ನನಗೆ ಗೊತ್ತುಂಟು, ನೂಲು ಹಿಡಿದೇ ಹಾಕು."

ಕಾಲೇಜಿನ ಆಫೀಸಿನಲ್ಲಿ ಕಾಗದ ಆಗಿದೆ: ಸಹಾಯಕ ತರಬೇತುದಾರ,
ಗೌರವಧನ ಎಂಟು ಸಾವಿರ, ಮಾರ್ಚ್ ಕೊನೆಯವರೆಗೆ.
ಗುಮಾಸ್ತೆ ಕೇಳಿದರು, ಬೇಸ್‌ಬಾಲೆಂದರೆ
ಆ ಉರುಟು ದೊಣ್ಣೆಯದ್ದಾ?
ಹೌದು ಮೇಡಂ, ಅದೇ.
ಮಲ್ಪೆ ಬಂದರಿನಿಂದ ಬಂದು ಬುಟ್ಟಿ ಇಳಿಸುತ್ತ ಅಮ್ಮ
"ಆಟ ಬಿಟ್ಟವನಿಗೆ ಆಟದ್ದೇ ಸಂಬಳವಾ?" ಎಂದಳು.
ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ.

ನಾನು ಬಿಡಲಿಲ್ಲ. ಭುಜ ಬಿಟ್ಟಿತು.
ಕೊನೆಯ ವರ್ಷ, ಅಂತರ ಕಾಲೇಜು ಪಂದ್ಯ, ಆರನೇ ಇನ್ನಿಂಗ್ಸ್,
ಎರಡನೇ ಬೇಸ್ ಕದಿಯಲು ಓಡುತ್ತಿದ್ದವನಿಗೆಂದು
ಎಸೆದೆ; ಚೆಂಡು ಹೋಯಿತು,
ಕೈಯೂ ಅದರ ಹಿಂದೆ ಅರ್ಧ ದಾರಿ ಹೋಗಿ
ತಿರುಗಿ ಬರಲು ಹೊತ್ತು ತೆಗೆದುಕೊಂಡಿತು.
ಮಣಿಪಾಲದ ಡಾಕ್ಟರು ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು
"ಬರೆಯಲಿಕ್ಕೆ, ಉಣ್ಣಲಿಕ್ಕೆ ತೊಂದರೆ ಇಲ್ಲ" ಎಂದರು.
ಓಡಿದವ ಔಟೋ ಅಲ್ಲವೋ,
ಇವತ್ತಿಗೂ ಯಾರೂ ನನಗೆ ಹೇಳಿಲ್ಲ.

ಗೆರೆ ಹಾಕಿದೆ. ಮುರಕಲ್ಲಿನ ಕೆಂಪು ಪುಡಿಯ ಮೇಲೆ ಸುಣ್ಣ
ಒಣ ಬಂಗುಡೆಯ ಉಪ್ಪಿನ ಹಾಗೆ ಕೂತಿತು.

ಈಗಿನ ಕ್ಯಾಚರ್ ತೌಸೀಫ್, ಕಾಪುವಿನವ, ಹದಿನೆಂಟು.
ಅವನ ಎಡಗೈಯಲ್ಲಿರುವುದು ನನ್ನದೇ ಗ್ಲೌಸು.
ಬಾರು ಹರಿದಲ್ಲಿ ಅಂದು ಶೀನ ಮಾವ
ಬಲೆಯ ದಾರದಿಂದ ಹಾಕಿಕೊಟ್ಟ ನೀಲಿ ಗಂಟು
ಈಗಲೂ ಬಿಟ್ಟಿಲ್ಲ.
"ಇದರಲ್ಲಿ ಮೀನಿನ ವಾಸನೆ ಉಂಟು ಸರ್."
ಸರ್! ಹಿಂದೆ ತಿರುಗಿ ನೋಡಿದೆ.
ಮಾಸ್ಟ್ರು ದೂರ, ಮೂರನೇ ಬೇಸಿನ ಹತ್ತಿರ ಇದ್ದರು.

ಕುಕ್ಕರಗಾಲಲ್ಲಿ ಕೂತ.
ಚೆಂಡು ಬರುವಾಗ ಕಣ್ಣು ಮುಚ್ಚುತ್ತಾನೆ, ಒಂದು ರೆಪ್ಪೆಯಷ್ಟು.
ನಾನೂ ಮುಚ್ಚುತ್ತಿದ್ದೆ.
ಮುಚ್ಚಬೇಡ ಎಂದರೆ ಅದು ಇನ್ನೂ ಬೇಗ ಮುಚ್ಚುತ್ತದೆ.
"ಚೆಂಡಿನ ಹೊಲಿಗೆ ಎಣಿಸು" ಎಂದೆ.
"ಎಣಿಸಲಿಕ್ಕೆ ಆಗುವುದಿಲ್ಲ ಸರ್."
"ಗೊತ್ತುಂಟು. ಎಣಿಸು."

ಆಟ ಸುರುವಾದ ಮೇಲೆ ನನಗೆ ಕೆಲಸವಿಲ್ಲ.
ಗೆರೆಯಾಚೆ, ನೀರಿನ ಬಾಟಲಿಗಳ ಪಕ್ಕ ನಿಂತೆ.
ಎಷ್ಟು ಹೊತ್ತಿನಿಂದಲೋ, ತೊಡೆಗೆ ಆನಿಸಿದ ಬಲಗೈ
ತನ್ನಷ್ಟಕ್ಕೆ ಮಾತಾಡುತ್ತಿತ್ತು:
ಒಂದು ಬೆರಳು, ನೇರ. ಎರಡು, ತಿರುವು.
ನಾಲ್ಕನ್ನೂ ಅಲುಗಿಸಿದರೆ ನಿಧಾನ.
ಭುಜದಿಂದ ಕೆಳಗೆ
ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಎಸೆಯಲು ನಿಂತ ನಿಶ್ಮಿತ್ ಅದನ್ನು ನೋಡಿಬಿಟ್ಟ.
ತೌಸೀಫನ ತಲೆ ದಾಟಿ, ನನ್ನ ಎರಡು ಬೆರಳು ನೋಡಿ,
ಬೇಡ ಎಂದು ತಲೆಯಾಡಿಸಿದ.
ನೇರ ಎಸೆದ. ಬ್ಯಾಟು ಗಾಳಿಗೆ ಹೊಡೆಯಿತು.
ಗ್ಲೌಸಿನಲ್ಲಿ ಟಪ್ಪೆಂದ ಸದ್ದಿಗೆ
ನನ್ನ ಅಂಗೈ ಸ್ವಲ್ಪ ಉರಿಯಿತು.
ನಾನು ಕೈಯನ್ನು ಕಿಸೆಗೆ ಹಾಕಿದೆ.
ಹುಡುಗ ಹೇಳಿದ್ದೇ ಸರಿ.

ಕತ್ತಲಾದ ಮೇಲೆ ಚೀಲಕ್ಕೆ ಚೆಂಡು ಎಣಿಸಿದೆ: ಹನ್ನೊಂದು.
ಮಾಸ್ಟ್ರು ಸ್ಕೂಟರ್ ಸ್ಟಾರ್ಟ್ ಮಾಡಿ "ನಾಳೆ ನೋಡುವ" ಎಂದರು.
ಹನ್ನೆರಡನೆಯದಕ್ಕೆ ಮೊಬೈಲಿನ ಲೈಟು ಹಿಡಿದು
ಪಾಗಾರದ ಬುಡದಲ್ಲಿ, ತೊಟ್ಟೆ, ಮುಳ್ಳುಗಳ ನಡುವೆ
ಹುಡುಕುತ್ತ ಬಗ್ಗಿದೆ.
ಮಂಡಿ ಹಳೆಯ ಹಾಗೆಯೇ ಮಡಚಿಕೊಂಡಿತು.
ಸ್ವಲ್ಪ ಹೊತ್ತು ಹಾಗೇ ಕೂತೆ.