ಸೋರಿಕೆ

ಎದೆಮಟ್ಟಕ್ಕೆ ಅಳೆಯಬೇಕು ಅಂತ ಹೇಳಿಕೊಟ್ಟರು.
ಯಾರ ಎದೆಮಟ್ಟಕ್ಕೆ, ಕೇಳಿದೆ.
ಪ್ರದ್ಯುಮ್ನ ನಕ್ಕು ಒಂದು ಕೋಲು ಕೊಟ್ಟ,
ನಾಲ್ಕಡಿ ಮೂರಿಂಚು, ತುದಿಗೆ ಕೆಂಪು ಬಣ್ಣ.
ನನ್ನ ಗದ್ದಕ್ಕೆ ಬರುತ್ತದೆ.
ನಮ್ಮತ್ತೆ ಕೆಂಗಮ್ಮನಿಗೆ, ಬೆನ್ನು ಬಾಗಿದ್ದಕ್ಕೆ, ಹಣೆಗೆ.

ಹಂದಿಬೋರೆಯ ಗೋಮಾಳಕ್ಕೆ ಈಗ ತಂತಿಬೇಲಿ.
ಒಳಗೆ ಹೊಂಗೆ, ಬೇವು, ಹಳೆಯ ನಾಲ್ಕು ಕಮರ,
ಒಂದೊಂದಕ್ಕೂ ತಗಡಿನ ನಂಬರು.
ದಿನಕ್ಕೆ ನಾನೂರು ನನಗೆ, ತಿಂಗಳಿಗೆ ಹನ್ನೆರಡು ದಿನ.
ಟೇಪು ಹಿಡಿದು ಮರ ತಬ್ಬುತ್ತೇನೆ,
ಸುತ್ತಳತೆ ಕೂಗುತ್ತೇನೆ,
ಅವನು ಫೋನಿನಲ್ಲಿ ಒತ್ತಿಕೊಳ್ಳುತ್ತಾನೆ.
ಗಾಳಿಯಲ್ಲಿದ್ದ ಹೊಗೆ ಮರದೊಳಗೆ ಹೋಗಿ ಕೂತಿದೆಯಂತೆ,
ಅದಕ್ಕೆ ತೂಕ ಉಂಟಂತೆ, ರೇಟು ಉಂಟಂತೆ.
ಕೊಳ್ಳುವವರು ಯಾರು?
ವಿಮಾನದ ಕಂಪನಿಯವರು.
ಕೊಂಡು ಎಲ್ಲಿಗೆ ಒಯ್ತಾರೆ?
ಎಲ್ಲಿಗೂ ಇಲ್ಲ ಅಕ್ಕಾ, ಇಲ್ಲೇ ಇರುತ್ತೆ.

ಮಾಲು ಬಿಟ್ಟು ದುಡ್ಡು ಕೊಟ್ಟುಹೋಗುವ ಗಿರಾಕಿಯನ್ನು
ಬೀರೂರು ಸ್ಟೇಷನ್ನಿನಲ್ಲಿ ಇಪ್ಪತ್ತು ವರ್ಷ
ಸೀತಾಫಲ ಮಾರಿದ ನಮ್ಮತ್ತೆ
ಒಬ್ಬನನ್ನೂ ಕಂಡಿಲ್ಲ.
ಸೀತಾಫಲದ ಗಿಡ ಅಳತೆಗೆ ಸಿಗುವುದಿಲ್ಲ,
ಮೊಣಕಾಲಿಗೇ ಕವಲೊಡೆಯುತ್ತದೆ.
ಗುಂಡಿ ತೋಡುವ ಸಾಲಿಗೆ ಅಡ್ಡ ಬಂತೆಂದು
ಮೊದಲ ವರ್ಷವೇ ಜೆಸಿಬಿ ಕಿತ್ತುಹಾಕಿತು.

ಸುಳ್ಳು ಹೇಳಬಾರದು,
ಈ ಸಲ ಕಟ್ಟೆಯಲ್ಲಿ ನೀರು ಯುಗಾದಿವರೆಗೂ ನಿಂತಿತ್ತು.
ಗೌಜಲಕ್ಕಿ ಮತ್ತೆ ಕೂಗುತ್ತಿವೆ.
ಮನೆಗೊಂದು ಪಾಲು ಅಂತ ಖಾತೆಗೆ ದುಡ್ಡೂ ಬಂತು,
ಎರಡು ಸಾವಿರದ ಮುನ್ನೂರ ನಲವತ್ತು.
ಹನ್ನೊಂದು ಮೇಕೆ ಮಾರಿದ ಮನೆಗೆ
ಹನ್ನೊಂದನೆಯದರ ಎರಡು ಕಾಲು ವಾಪಸು ಬಂದ ಹಾಗೆ.

ಲೆಕ್ಕ ತಪಾಸಣೆಯವರು ಬಂದ ದಿನ
ಪಂಚಾಯ್ತಿ ಆಫೀಸಿನಲ್ಲಿ ವರದಿ ಓದಿದರು.
ಯೋಜನೆ ಬಾರದೇ ಹೋಗಿದ್ದರೆ
ಇವರು ಇಷ್ಟನ್ನೂ ಕಡಿದುಬಿಡುತ್ತಿದ್ದರು ಅಂತ ಅದರಲ್ಲಿತ್ತು.
ಕಮರಕ್ಕೆ ಕೊಡಲಿ ತಾಕಿಸಿದವನಿಗೆ
ತಲೆತಲಾಂತರದಿಂದ ದಂಡ ಹಾಕುವ ಊರು
ತಲೆ ಅಲ್ಲಾಡಿಸಿ ಕೇಳಿಸಿಕೊಂಡಿತು.
ಮಾಡದ ಕಳ್ಳತನಕ್ಕೆ ಬಂದ ಸಂಬಳ,
ಒಪ್ಪಿಕೊಳ್ಳದಿದ್ದರೆ ಸಂಬಳವಿಲ್ಲ.

ಆಮೇಲೆ, ಸೋರಿಕೆ, ಶೇಕಡಾ ಏಳು.
ನಲ್ಲಿಯದೋ, ಕೊಡದ್ದೋ ಅಂದುಕೊಂಡೆ.
ಬೇಲಿಯ ಒಳಗೆ ಬಿಡದವರು
ಬೇರೆ ಕಡೆ ಹೋಗಿ ಕಡಿಯುತ್ತಾರಲ್ಲ,
ಅದನ್ನು ಒಟ್ಟು ಲೆಕ್ಕದಿಂದ ಕಳೆಯಬೇಕಂತೆ.

ಕತ್ತಲಿರುವಾಗಲೇ ಎದ್ದು
ಅಮೃತಮಹಲ್ ಕಾವಲಿನ ಆಚೆ ಮಗ್ಗುಲಿಗೆ
ನಾಲ್ಕು ಮೈಲಿ ನಡೆದು,
ಬಂದರೆ ಕಡ್ಡಿ, ಒಣ ಜಾಲಿಮುಳ್ಳು
ಸಿಂಬಿಯ ಮೇಲೆ ಹೊತ್ತು ಬರುವ ಶೇಕಡಾ ಏಳು
ನಮ್ಮ ಹಟ್ಟಿಯಲ್ಲೇ ಮಲಗುತ್ತದೆ,
ಹೊಗೆಸೊಪ್ಪು ಹಾಕಿಕೊಳ್ಳುತ್ತದೆ,
ರಾತ್ರಿ ಮಂಡಿನೋವೆಂದು ನರಳುತ್ತದೆ.

ಮನೆಮನೆ ಸಮೀಕ್ಷೆಗೆ ಫಾರಂ ಕೊಟ್ಟಿದ್ದಾರೆ.
ಕೇಳುವವಳು ನಾನೇ.
ಮೂವತ್ತಾರು ಮನೆ ಮುಗಿಸಿ
ನಮ್ಮ ಮನೆಯನ್ನು ಕೊನೆಗಿಟ್ಟುಕೊಂಡಿದ್ದೆ.
ಹೊರೆ ಇಳಿಸಿ ಬೆವರೊರೆಸುತ್ತಿದ್ದಳು.
ಓದಿ ಹೇಳಿದೆ: ನಿಮ್ಮ ಮನೆಯವರು ಯಾರಾದರೂ
ಹೊರಗಿನಿಂದ ಸೌದೆ ತರುತ್ತಾರಾ?

ಹೊರಗು ಅಂದ್ರೆ ಯಾವ್ದೇ, ಅಂದಳು.
ಮೊದಲು ಒಳಗು ಯಾವ್ದು, ಅದನ್ನ ಹೇಳು.

ಕೈ ಸುಮ್ಮನಿರಲಿಲ್ಲ, ಅಭ್ಯಾಸ.
ಹೊರೆಗೆ ಟೇಪು ಸುತ್ತಿದೆ.
ಮೂರಡಿ ಎರಡಿಂಚು.
ಕೂಗಲಿಲ್ಲ.
ಹೌದು, ಇಲ್ಲ, ಎರಡು ಚೌಕ ಖಾಲಿ.
ಅವಳು ಆಗಲೇ ಒಲೆ ಹೊತ್ತಿಸಿ
ಎಸರಿಡುತ್ತಿದ್ದಳು.