ಮೂವತ್ತು ಚಿತ್ರಗಳ ಪರೀಕ್ಷೆ

ಬಾರ್ನ್ಸ್ಲಿಯ ಆಸ್ಪತ್ರೆ, ನಾಲ್ಕನೇ ವಾರ್ಡು.
ಲಕ್ವ ಹೊಡೆದು ಹನ್ನೊಂದು ದಿನ.
ಕಲ್ಲಿದ್ದಲು ಕಡಿದ ಬಲಗೈ ಹೊದಿಕೆಯ ಮೇಲಿತ್ತು,
ಯಾರೋ ಬಸ್ಸಿನಲ್ಲಿ ಮರೆತುಹೋದ ಚೀಲದ ಹಾಗೆ.
“ಬಾ ಲವ್, ಕೂತ್ಕೋ” ಅಂದ ಸೆಲ್ವಿನ್ ಲಾಕ್‌ವುಡ್.
ನಾನು ತೆಂಕಣ ಸಸೆಕ್ಸಿನವಳು, ಬಂದು ಮೂರೇ ವಾರ.
ಕಳೆದ ಮಾತೆಷ್ಟು, ಉಳಿದದ್ದೆಷ್ಟು
ಎಣಿಸುವುದು ನನ್ನ ಕೆಲಸ.

ಮಿಠಾಯಿಯ ಚಿತ್ರ ಹಿಡಿದೆ.
“ಸ್ಪೈಸ್” ಅಂದ.
ಸಿಹಿ ತೋರಿಸಿದರೆ ಮಸಾಲೆ ಅನ್ನುತ್ತಾನೆ, ಪಾಪ. ತಪ್ಪು.
ಬುತ್ತಿ ಡಬ್ಬಿ. “ಸ್ನ್ಯಾಪ್” ಅಂದ.
ಏನು ಮುರಿಯಿತೋ! ತಪ್ಪು.
ಚೆಂಡಾಡುವ ಹುಡುಗರು: “ಲೇಕಿಂಗ್.”
ಚಿತ್ರದಲ್ಲಿ ಕೆರೆಯಿಲ್ಲ, ಹನಿ ನೀರೂ ಇಲ್ಲ.
ತಪ್ಪು.

ನೆಲ ಒರೆಸುತ್ತಿದ್ದ ಮೇವಿಸ್ ಕೋಲು ಊರಿ ನಿಂತಳು.
“ಎಲ್ಲ ಸರಿಯಾಗೇ ಹೇಳ್ತಿದ್ದಾನಲ್ಲ.
ಶನಿವಾರ ಶನಿವಾರ ನಮ್ಮಜ್ಜಿ
ಒಂದು ಪೊಟ್ಟಣ ಸ್ಪೈಸ್ ಕೊಡಿಸ್ತಿದ್ದಳು.
ಏಟು ಬಿದ್ದಿದ್ದು ಅವನ ತಲೆಗೋ, ನಿನ್ನದಕ್ಕೋ, ಲವ್?”

ರಬ್ಬರು ತೆಗೆದು ಒಂದೊಂದೇ ಅಳಿಸಿದೆ.
ಕಾಗದ ತೆಳ್ಳಗಾಯಿತು.
ಅವನು ನಕ್ಕ, ಅರ್ಧ ಬಾಯಲ್ಲಿ.

ಕೊನೆಗೆ, ಮೇಜಿನ ಮೇಲಿದ್ದ ಫೋಟೊ.
ಹೆಂಡತಿ. ಫೈಲಿನಲ್ಲಿ ಹೆಸರಿದೆ: ವಿನಿಫ್ರೆಡ್.
ಇವರು ಯಾರು?
ತುಂಬ ಹೊತ್ತು ನೋಡಿದ.
ತುಟಿ ಎರಡು ಸಲ ಹೊರಟು ನಿಂತಿತು.
“ಲವ್” ಅಂದ.

ನನಗೆ ಅಂದದ್ದೂ ಅದೇ. ಚಹಾ ತರುವವಳಿಗೂ,
ಬಾಗಿಲು ತಪ್ಪಿ ಒಳಬಂದ ಪ್ಲಂಬರನಿಗೂ.

ಪೆನ್ಸಿಲು ಹಿಡಿದೇ ಮೇವಿಸ್ ಕಡೆ ತಿರುಗಿದೆ.
ಅವಳು ಬಕೆಟ್ಟಿನ ಮೇಲೆ ಬಾಗಿ
ಬಟ್ಟೆ ಹಿಂಡುತ್ತಿದ್ದಳು,
ನೀರೆಲ್ಲ ಆಗಲೇ ಹೋಗಿದ್ದ ಬಟ್ಟೆ.